ತಿಪ್ಪೆಗೆ ಚೆಲ್ಲಿದ ಗಿಣ್ಣ

ಬೆಳಗಿನ ಆರು ಗಂಟೆ. ಓಬಳೆಪ್ಪ ತನ್ನ ದನದ ಕೊಟ್ಟಿಗೆಯಲ್ಲಿ ಸತ್ತು ಬಿದ್ದಿದ್ದ. ಹಿಂದಲೆ ಒಡೆದಿತ್ತು. ಕಲ್ಲಿನ ಗೋದಲಿಯ ಅಂಚಿನಲ್ಲಿ ರಕ್ತ ಒಣಗಿತ್ತು. ಗೂಟ ಖಾಲಿ. ಇನ್ನೆರಡು ದಿನದಲ್ಲಿ ಕರು ಹಾಕಬೇಕಿದ್ದ ಕೆಂದಾಕಳು ಕಾಣೆಯಾಗಿತ್ತು.

ಅದು 1941ರ ಮಾರ್ಚ್. ಊರು ಕೊಪ್ಪಳದಿಂದ ಎರಡು ಹರದಾರಿ, ಅಂದರೆ ಆರು ಮೈಲಿ. ಠಾಣೆಯ ಮುಖ್ಯಸ್ಥರಾದ ಪೊಲೀಸ್ ಅಮೀನರು ಕುದುರೆ ಏರಿ ಬಂದರು. ಆಕಳ ಗುರುತು ಹೇಳಲು ಸಲೋತ್ರಿ ಮಲಿಕಸಾಬ ಜೊತೆಗಿದ್ದ. ಸಲೋತ್ರಿ ಎಂದರೆ ಸರ್ಕಾರದ ದನದ ಡಾಕ್ಟರ. ನಾಲ್ಕು ದಿನದ ಹಿಂದಷ್ಟೇ ಅವನು ಆ ಆಕಳ ಹೊಟ್ಟೆ ಮುಟ್ಟಿ ನೋಡಿ ಹೋಗಿದ್ದ. ಆಗ ಓಬಳೆಪ್ಪ ಕೇಳಿದ್ದ:

"ಕರು ಹಾಕಿದ ಐದನೇ ದಿನಕ್ಕ ಎರಡು ಹರದಾರಿ ನಡೀತೈತೇನ್ರಿ ಸಾಹೇಬ್ರ?"

"ಎಲ್ಲಿಗೆ ಹೊಡ್ಕೊಂಡು ಹೊಂಟೀಯೋ ಮುದುಕಾ?"

"ಈಗ ಹೇಳೂದಿಲ್ಲ. ಗಿಣ್ಣ ತಿನ್ನಾಕ ಬರ್ರಿ, ಆವಾಗ ಹೇಳ್ತೀನಿ."

ಮಲಿಕಸಾಬ ಬಂದಿದ್ದ. ಹೇಳುವವನು ಇರಲಿಲ್ಲ.

ಕೊಟ್ಟಿಗೆಯ ತೊಲೆಯಿಂದ ಒಂದು ಹೊಸ ಕೊರಳಹಗ್ಗ ತೂಗುತ್ತಿತ್ತು. ಕೆಂಪು ಉಣ್ಣೆಯ ಕುಚ್ಚು, ಹಿತ್ತಾಳೆ ಗಂಟೆ. ಅಮೀನರು ಅದನ್ನು ಜಪ್ತಿ ಮಾಡಿಸಿದರು.

ಮಗಳು ಹೊಳಿಯಮ್ಮ ಕೊಪ್ಪಳದ ಪಕ್ಕದ ಭಾಗ್ಯನಗರದಿಂದ ಮೂರು ತಿಂಗಳ ಕೂಸು ಎತ್ತಿಕೊಂಡು ಬಂದು ತಂದೆಯ ಕಾಲ ಬಳಿ ಕುಸಿದಳು. ಕೂಸು ಹಸಿದು ಅಳುತ್ತಿತ್ತು. ಅವಳ ಎದೆ ಬತ್ತಿತ್ತು. ನೆರೆಮನೆಯ ಪಾರಮ್ಮ ಹತ್ತಿಯ ಬತ್ತಿಯನ್ನು ಬೆಲ್ಲದ ನೀರಿಗೆ ಅದ್ದಿ ಚೀಪಿಸಿದಳು. ಅಳಿಯ ವಿರುಪಣ್ಣ ಹೆಣಕ್ಕೆ ಹೆಗಲು ಕೊಟ್ಟ.

ಸಂಜೆಯೊಳಗೆ ದನದ ದಲಾಲಿ ಹುಸೇನಪ್ಪ ಸಿಕ್ಕಿಬಿದ್ದ. ಹಿಂದಿನ ವಾರ ಅವನು ಅದೇ ಆಕಳಿಗಾಗಿ ಓಬಳೆಪ್ಪನ ಜೊತೆ ಜಗಳಾಡಿದ್ದನ್ನು ಊರೇ ಕಂಡಿತ್ತು.

* * *

ಮೂರನೇ ದಿನ. ಕೊಪ್ಪಳದ ಠಾಣೆ.

"ನಾಳೆ ಇವನನ್ನ ಗುಲಬರ್ಗಾ ಜೇಲಿಗೆ ಕಳಸ್ತೀನಿ," ಎಂದರು ಅಮೀನರು.

ಕಂಬಿಯ ಹಿಂದಿನಿಂದ ಹುಸೇನಪ್ಪ ಕೂಗಿದ: "ಸಲೋತ್ರಿಸಾಬ, ನೀವರ ಕೇಳ್ರಿ. ಕೊಡು ಅಂದೆ, ಮುದುಕ ಒಲ್ಲೆ ಅಂದ. 'ಇದಕ್ಕ ಮನಿ ನಿಕ್ಕಿಯಾಗೈತಿ' ಅಂದ. ಆಕಳೇನು ಮದುವಿ ಹೆಣ್ಣೇನೋ ಅಂತ ನಕ್ಕೆ. ಅಷ್ಟಕ್ಕ ಜಗಳ!"

ಮಲಿಕಸಾಬ ನಗಲಿಲ್ಲ. ಹೊಸ ಹಗ್ಗ. ಕೆಂಪು ಕುಚ್ಚು. ಎರಡು ಹರದಾರಿ. ಓಬಳೆಪ್ಪನ ಊರಿನಿಂದ ಮಗಳ ಮನೆ ಇದ್ದ ಭಾಗ್ಯನಗರ ಅಷ್ಟೇ ದೂರ. ಅವನು ಸೈಕಲ್ ಹತ್ತಿದ.

* * *

ಭಾಗ್ಯನಗರದ ಓಣಿಯಲ್ಲಿ ಮಗ್ಗದ ಸದ್ದಿಗೆ ಮಾತು ಕೇಳುತ್ತಿರಲಿಲ್ಲ. ವಿರುಪಣ್ಣ ಬಾಗಿಲಲ್ಲಿ ನಿಂತಿದ್ದ. ಚಿಕ್ಕಂದಿನಿಂದ ಬಣ್ಣದ ಭಟ್ಟಿಯಲ್ಲಿ ನೂಲು ಅದ್ದಿದ ಕೂಲಿ, ಬೆರಳೆಲ್ಲ ನೀಲಿ.

"ಬರ್ರಿ ಸಾಹೇಬ್ರ. ಚಾ ಮಾಡಾಕ ಹಾಲಿಲ್ಲರಿ. ಕೂಸು ಬರತೈತಂತ ಮುಂಜಾನೆ ಕಾಸಿದೆ, ಒಡೀತು. ಕೆಟ್ಟ ಹಾಲು. ತಿಪ್ಪಿಗೆ ಹಾಕಿದೆ."

"ಯಾರ ಕಡೆ ತಂದಿದ್ದಿ?"

ವಿರುಪಣ್ಣ ಚಾಪೆ ಹಾಸಲು ಬಗ್ಗಿದ. ಮಲಿಕಸಾಬ ಹಿತ್ತಿಲಿಗೆ ನಡೆದ, ವಿರುಪಣ್ಣ ಹಿಂದೆಯೇ ಬಂದ.

ತಿಪ್ಪೆಯ ಮೇಲೆ ಕಾಗೆಯೊಂದು ಬಿಳಿ ಗಡ್ಡೆ ಕುಕ್ಕುತ್ತಿತ್ತು. ಗಡಿಗೆಯ ತಳದ ಆಕಾರ ಇನ್ನೂ ಉಳಿದಿತ್ತು. ಮಲಿಕಸಾಬ ಚಾಕು ತೆಗೆದು ಕೊಯ್ದ. ನುಚ್ಚಿಲ್ಲ. ನೀರಿಲ್ಲ. ಹುಳಿ ವಾಸನೆ ಇಲ್ಲ.

ತವರಿನಿಂದ ಆಗಷ್ಟೇ ಮರಳಿದ್ದ ಹೊಳಿಯಮ್ಮ ಕೂಸು ಕಟ್ಟಿಕೊಂಡೇ ಹಿತ್ತಿಲಿಗೆ ಬಂದಳು. ಬಗ್ಗಿ ನೋಡಿದಳು.

"ಅಯ್ಯ ಶಿವನ, ಇದು ಗಿಣ್ಣ! ಗಿಣ್ಣ ಯಾರರ ಚೆಲ್ತಾರೇನ್ರಿ?"

ಅವಳು ಗಂಡನ ಮುಖ ನೋಡಿದಳು. ಮಗ್ಗದ ಎರಡು ಏಟುಗಳ ನಡುವೆ, ಹಿಂದಿನ ಪಾಳು ಭಟ್ಟಿಯೊಳಗಿಂದ ಆಕಳೊಂದು ಕೂಗಿತು. ಹೊಳಿಯಮ್ಮನಿಗೆ ಆ ದನಿ ಗೊತ್ತಿತ್ತು.

* * *

"ಒಡದ ಹಾಲಿನ ಮ್ಯಾಲ ಕಳ್ಳನ್ನ ಹೆಂಗ ಹಿಡದಿ?" ಠಾಣೆಯಲ್ಲಿ ಅಮೀನರು ಕೇಳಿದರು.

"ಅದು ಒಡದದ್ದಲ್ಲರಿ. ಹುಳಿ ಹಾಲು ಕಾಸಿದರ ನುಚ್ಚಾಗಿ ನೀರು ಬಿಡತೈತಿ. ಛಲೋ ಹಾಲು ಎಷ್ಟು ಕುದ್ದರೂ ಒಡಿಯೂದಿಲ್ಲ. ಅದರಾಗ ಹೆಚ್ಚಿಗಿ ಇರೋ ಪ್ರೋಟೀನು ಬೆಂಕಿಗೆ ಜಗ್ಗೂದಿಲ್ಲ. ಆದರ ಕರು ಹಾಕಿದ ಹೊಸದರಾಗ ಬ್ಯಾರೆ ಥರದ ಪ್ರೋಟೀನು ತುಂಬಿರತೈತಿ. ತತ್ತಿಯ ಬಿಳಿ ಇದ್ದಂಗ. ಕಾವು ತಾಗಿದರ ಲಡಿ ನೂಲು ಬಿಚ್ಚಿ ಒಂದಕ್ಕೊಂದು ಸಿಕ್ಕ ಹಾಕ್ಕೊಂಡಂಗ, ಇಡೀ ಗಡಿಗಿ ಗಡ್ಡಿ ಆಗತೈತಿ. ಅದು ಗಿಣ್ಣ. ಅಂದಮ್ಯಾಲ ಹಾಲು ಈಗಷ್ಟ ಕರು ಹಾಕಿದ ಆಕಳದ್ದು."

"ಹುಸೇನಪ್ಪನ ಯಾಕ ಅಲ್ಲ?"

"ದನ ಕಟ್ಟಿದಾಂವ ಗಿಣ್ಣ ಚೆಲ್ಲೂದಿಲ್ಲರಿ. ಓಣಿಗೆಲ್ಲಾ ಹಂಚ್ತಾನ. ಕೆಟ್ಟ ಹಾಲು ಅಂತ ಚೆಲ್ಲಿದಾಂವ ಬಣ್ಣದ ಭಟ್ಟಿಯೊಳಗ ಬೆಳದಾಂವ."

ನೆಲದ ಮೇಲೆ ಕುಳಿತಿದ್ದ ವಿರುಪಣ್ಣ ತಲೆ ಎತ್ತಲಿಲ್ಲ. "ಕೂಸು ಸಾಯತೈತಿ ಅನಿಸ್ತರಿ. ಮಾವನ್ನ ಕೇಳಿದೆ, 'ತಡಿ' ಅಂದ. ಒಲ್ಲೆ ಅಂದಂಗ ಕೇಳಿಸ್ತು. ನಸುಕಿನ್ಯಾಗ ಹಗ್ಗ ಬಿಚ್ಚೂ ಮುಂದ ಎದ್ದು ಬಂದು ಕೈ ಹಿಡದ. ನೂಕಿದೆ. ಬಿದ್ದ."

ಮಲಿಕಸಾಬ ಮೇಜಿನ ಮೇಲಿದ್ದ ಹಗ್ಗ ಎತ್ತಿದ. ಗಂಟೆ ಒಮ್ಮೆ ಸದ್ದು ಮಾಡಿತು.

"ತಡಿ ಅಂದದ್ದು ಗಿಣ್ಣದ ಹಾಲು ಮುಗೀಲಿ ಅಂತ. ಐದನೇ ದಿನ ತಾನ ಹೊಡ್ಕೊಂಡು ಬರಾಂವ ಇದ್ದನೋ, ವಿರುಪಣ್ಣ. ಆಕಳಿಗೆ ನಿಕ್ಕಿಯಾಗಿದ್ದ ಮನಿ ನಿನ್ನದ."

ಅಂದೇ ಸಂಜೆ ಹುಸೇನಪ್ಪನನ್ನು ಬಿಟ್ಟರು. ಕೆಲ ತಿಂಗಳ ಮೇಲೆ ವಿರುಪಣ್ಣನಿಗೆ ಏಳು ವರ್ಷ ಶಿಕ್ಷೆಯಾಯಿತು. ಅದಕ್ಕೂ ಮೊದಲೇ, ಆಕಳು ಕರು ಹಾಕಿದ ಐದನೇ ದಿನ, ಹೊಳಿಯಮ್ಮ ಹಾಲು ಕರೆದು ಕೂಸಿಗೆಂದು ಒಲೆಯ ಮೇಲಿಟ್ಟಳು. ಹಾಲು ಉಕ್ಕಿತು. ಒಡೆಯಲಿಲ್ಲ.