ಅರ್ಧ ತೂತಿನ ಮಣಿ

ಕರಿಮಣಿ ಡಬ್ಬಿಯ ತಳದಲ್ಲಿ ದಪ್ಪ ದಪ್ಪ ಬಿಳಿ ಗುಳಿಗೆಗಳು ಬಿದ್ದಿದ್ದವು.

ಶೈಲಶ್ರೀ ಒಂದನ್ನು ಎತ್ತಿ ನೋಡಿದಳು. ಸಂಶಯವೇ ಇಲ್ಲ, ಡಾಕ್ಟರ್ ಅಂಜುಮ ಮೇಡಂ ಆಯಿಗೆ ಬರೆದುಕೊಟ್ಟ ಗುಳಿಗೆಗಳೇ. ಹೊಟ್ಟೆಯಲ್ಲಿ ಇರಬೇಕಾದವು ಡಬ್ಬಿಗೆ ಹೇಗೆ ಬಂದವು?

"ಆಯಿ, ಇವನ್ನ ನುಂಗಿಲ್ಲೇನು ನೀ?"

ಆಯಿ ಎಂದರೆ ಅಪ್ಪನ ಅವ್ವ, ಗುರುಸಿದ್ದವ್ವ. ಕಾಟಿನ ಮೇಲೆ ಗೋಡೆಗೆ ಒರಗಿ ಕೂತಿದ್ದಳು. ಹಣೆಯ ಬಲಗಡೆ ಕೆಂಪು ಗುಳ್ಳೆಗಳ ಸಾಲು ಹುಬ್ಬಿನವರೆಗೆ ಇಳಿದಿತ್ತು. ಬಲಗಣ್ಣು ಊದಿ ಮುಚ್ಚಿಕೊಂಡಿತ್ತು. ಅದಕ್ಕೆ ಸರ್ಪಸುತ್ತು ಅನ್ನುತ್ತಾರೆ. ಹೆಸರು ಮಾತ್ರ ಪಾಪದ ಹಾವಿನದು, ಕೆಲಸವೆಲ್ಲ ವೈರಸ್ಸಿನದು.

"ನುಂಗಂಗಿಲ್ಲ," ಅಂದಳು ಆಯಿ. "ನೀನ ಹೇಳಿದ್ಯಲ್ಲ, ಅದು ಖೊಟ್ಟಿ ಅಂತ."



ಹೌದು, ಶೈಲಶ್ರೀಯೇ ಹೇಳಿದ್ದಳು. ನಿನ್ನೆ ದವಾಖಾನೆಯಲ್ಲಿ ಆಯಿಯ ಕಣ್ಣಿಗೆ ನರ್ಸ್ ಔಷಧ ಹಾಕುತ್ತಿದ್ದಾಗ, ಡಾಕ್ಟರ್ ಮೇಡಂ ಮಮ್ಮಿಗೂ ಇವಳಿಗೂ ಎಲ್ಲ ಬಿಡಿಸಿ ಹೇಳಿದ್ದರು. ವೈರಸ್ ಮೈಯೊಳಗೆ ಹೊಕ್ಕು ತನ್ನದೇ ನಕಲುಗಳನ್ನು ಮಾಡುತ್ತದೆ. ಅದಕ್ಕೆ ಸಣ್ಣ ಸಣ್ಣ ತುಣುಕುಗಳನ್ನು ಒಂದಕ್ಕೊಂದು ಜೋಡಿಸಿ ಉದ್ದನೆಯ ಸರ ಮಾಡಬೇಕು. ಗುಳಿಗೆಯೊಳಗೆ ಇರುವುದು ಅಂಥದೇ ಕಾಣುವ ಡೂಪ್ಲಿಕೇಟ್ ತುಣುಕು. ವೈರಸ್ ಮೋಸಹೋಗಿ ಅದನ್ನು ಸರಕ್ಕೆ ಸೇರಿಸಿತೋ, ಅದರ ಮುಂದೆ ಇನ್ನೊಂದು ಕೂಡುವುದಿಲ್ಲ. ಸರ ಅಲ್ಲಿಗೇ ನಿಂತುಹೋಗುತ್ತದೆ. ರೋಗ ಕಣ್ಣಿನ ಹತ್ತಿರ ಬಂದಿದೆ, ಒಂದು ಹೊತ್ತೂ ತಪ್ಪಿಸಬೇಡಿ, ತಪ್ಪಿಸಿದರೆ ದೃಷ್ಟಿಗೇ ಕುತ್ತು ಎಂದೂ ಹೇಳಿದ್ದರು.

ಇಷ್ಟು ಚೆಂದದ ಸುದ್ದಿಯನ್ನು ಹೊಟ್ಟೆಯಲ್ಲಿ ಇಟ್ಟುಕೊಳ್ಳುವ ಹುಡುಗಿಯೇ ಇವಳು? ಮನೆಗೆ ಬಂದವಳೇ, ಆಯಿ, ನಿನ್ನ ಗುಳಿಗ್ಯಾಗ ಇರೂದು ಖೊಟ್ಟಿ ಮಾಲು ಎಂದು ಶುರುಮಾಡಿದಳು. ಅಷ್ಟರಲ್ಲಿ ಪಕ್ಕದ ಮನೆಯ ಸಮ್ರೀನ ಆಟಕ್ಕೆ ಕರೆದಳು. ಮಾತು ಅಲ್ಲೇ ಬಿಟ್ಟು ಓಡಿದಳು.

"ಯಾರ ಕೊಳ್ಳಾಗೂ ಖೊಟ್ಟಿ ಮಣಿ ಹಾಕಿದಾಕಿ ಅಲ್ಲ ನಾ," ಅಂದಳು ಆಯಿ. "ನನ್ನ ಮೈಯಾಗ ಯಾಕ ಹಾಕ್ಕೊಳ್ಳಲಿ? ನಿಮ್ಮವ್ವಗ ಹೇಳಬ್ಯಾಡ. ಸುಮ್ನ ತಲಿ ಕೆಡಿಸ್ಕೋತಾಳ."

ಅದು ಆಯಿಯ ಸ್ವಭಾವ. ತಿಕೋಟಾ ಸಂತೆಯಲ್ಲಿ ಕೂತು ಹೆಂಗಸರಿಗೆ ತಾಳಿಯ ಸರ ಪೋಣಿಸಿಕೊಟ್ಟೇ ಮಗನನ್ನು ಓದಿಸಿದವಳು. ಜಲನಗರದ ಈ ಮನೆಗೆ ಬಂದ ಮೇಲೂ ಓಣಿಯ ಹೆಂಗಸರು ಅವಳನ್ನೇ ಹುಡುಕಿಕೊಂಡು ಬರುತ್ತಿದ್ದರು. ಗುರುಸಿದ್ದವ್ವ ಪೋಣಿಸಿದ ಸರ ಹರಿಯುವುದಿಲ್ಲ, ಅದರಲ್ಲಿ ಕಲಬೆರಕೆ ಇರುವುದಿಲ್ಲ ಎಂಬ ಮಾತಿತ್ತು.

ಶೈಲಶ್ರೀ ಬಗೆಬಗೆಯಾಗಿ ತಿಳಿಸಿ ಹೇಳಿದಳು. ಮೋಸ ನಿನಗಲ್ಲ, ವೈರಸ್ಸಿಗೆ ಅಂದಳು. ಯಾರಿಗೆ ಮಾಡಿದರೂ ಮೋಸ ಮೋಸವೇ ಅಂದಳು ಆಯಿ. ಗೋಳಗುಮ್ಮಟ ಬೇಕಾದರೆ ಒಂದಿಷ್ಟು ಸರಿದೀತು, ಆಯಿ ಸರಿಯುವವಳಲ್ಲ.

ಶೈಲಶ್ರೀಗೆ ಅಳು ಬಂತು. ಸಂಜೆ ಮಮ್ಮಿ ಆಫೀಸಿನಿಂದ ಬಂದಾಗ ಹೇಳಿಬಿಡಬೇಕು, ಬೇರೆ ದಾರಿಯಿಲ್ಲ. ಆದರೆ ಮಮ್ಮಿ ಒತ್ತಾಯ ಮಾಡಿದರೆ ಆಯಿ ಚೀಲ ಹಿಡಿದು ತಿಕೋಟಾ ಬಸ್ ಹತ್ತಿದರೂ ಹತ್ತಿದಳೇ. ಅಲ್ಲಿಯವರೆಗೆ ಕಣ್ಣಿನ ಗತಿ? ಇದೆಲ್ಲ ನನ್ನ ಬಾಯಿಂದಲೇ ಆಯಿತಲ್ಲ ಎಂದು ಅವಳಿಗೆ ತನ್ನ ಮೇಲೆಯೇ ಸಿಟ್ಟು ಬಂತು.

ಆಯಿ ಮಾತ್ರ ತಟ್ಟೆಯಲ್ಲಿ ಕರಿಮಣಿ ಸುರುವಿಕೊಂಡು ಕೆಲಸಕ್ಕೆ ಕೂತಳು. ಯಾರದೋ ಸರ, ಇವತ್ತು ಕೊಡುತ್ತೇನೆ ಎಂದು ಮಾತು ಕೊಟ್ಟಾಗಿತ್ತು. ಒಂದೇ ಕಣ್ಣಿನಲ್ಲಿ ಸರಿಯಾಗಿ ಕಾಣದು. ಬೆರಳಿನಿಂದಲೇ ಒಂದೊಂದು ಮಣಿಯನ್ನೂ ಹೊರಳಿಸಿ ನೋಡಿ ಪೋಣಿಸುತ್ತಿದ್ದಳು. ನಡುನಡುವೆ ಒಂದು ಮಣಿಯನ್ನು ಗಾಜಿನ ಬಾಟಲಿಗೆ ಒಗೆಯುತ್ತಿದ್ದಳು. ಬಾಟಲಿ ಅರ್ಧಕ್ಕಿಂತ ಹೆಚ್ಚು ತುಂಬಿತ್ತು.

"ಅವನ್ಯಾಕ ಒಗೀತಿ ಆಯಿ? ಚಲೋ ಅದಾವಲ್ಲ."

"ನೋಡಾಕ ಚಲೋನ. ಆದರ ತೂತು ಅರ್ಧಾನ ಐತಿ. ಸೂಜಿ ಈ ಕಡಿಂದ ಒಳಗ ಹೋಗತೈತಿ, ಆ ಕಡಿಂದ ಹೊರಗ ಬರಂಗಿಲ್ಲ."

ಶೈಲಶ್ರೀ ಬಾಟಲಿಯನ್ನು ನೋಡಿದಳು. ಆಯಿಯನ್ನು ನೋಡಿದಳು. ಆಮೇಲೆ ಬೇರೊಂದು ತಟ್ಟೆ ತಂದು, ಡಬ್ಬಿಯ ಒಂದು ಹಿಡಿ ಒಳ್ಳೆಯ ಮಣಿಗೆ ಬಾಟಲಿಯ ಮಣಿಗಳನ್ನು ಬೆರೆಸಿಬಿಟ್ಟಳು.

"ಲೇ, ಏನ್ ಮಾಡಾಕತ್ತಿ?"

"ಆಯಿ, ಈಗ ನಾ ವೈರಸ್. ನನಗ ಭಾಳ ಅವಸರ ಐತಿ."

ಸೂಜಿದಾರ ಹಿಡಿದು ಆ ಕಡೆ ಈ ಕಡೆ ನೋಡದೆ ಬರಬರನೆ ಪೋಣಿಸತೊಡಗಿದಳು. ನೋಡಿ ಪೋಣಿಸು ಲೇ ಎಂದು ಆಯಿ ಗದರಿದಳು. ವೈರಸ್ ನೋಡುವುದಿಲ್ಲ ಎಂದು ಮೊಮ್ಮಗಳು ಇನ್ನೂ ಜೋರು ಮಾಡಿದಳು. ಸರ ಬೆರಳುದ್ದ ಆಗಿರಬಹುದು, ಸೂಜಿ ಗಕ್ಕನೆ ನಿಂತಿತು. ಒತ್ತಿದಳು, ತಿರುವಿದಳು. ಮಣಿ ಮುಂದಕ್ಕೆ ಬಿಡಲಿಲ್ಲ.

"ತಗದ ಒಗಿ ಅದನ್ನ," ಅಂದಳು ಆಯಿ.

"ವೈರಸ್‌ಗೆ ತಗಿಯಾಕ ಬರಂಗಿಲ್ಲ. ಸರ ಇಲ್ಲಿಗೇ ಮುಗೀತು. ಗುಳಿಗ್ಯಾಗ ಇರೂದು ಇಂಥಾ ಮಣಿ ಬೇ."

ಆಯಿ ಆ ತುಂಡು ಸರವನ್ನು ಕೈಗೆ ತೆಗೆದುಕೊಂಡು ಕೊನೆಯ ಮಣಿಯನ್ನು ಬೆರಳಿನಿಂದ ಸವರಿದಳು. ಅವಳೇನು ಕಡಿಮೆಯವಳೇ? ಒಂದು ಪ್ರಶ್ನೆ ಇನ್ನೂ ಇತ್ತು.

"ನನ್ನ ಮೈಯಾಗೂ ಸರ ಇರತಾವಲ್ಲ. ಅವೂ ನಿಂತ್ರ?"

ಡಾಕ್ಟರ್ ಮೇಡಂ ಅದನ್ನೂ ಹೇಳಿದ್ದರು. ನಮ್ಮ ಮೈ ಇಂಥ ತುಣುಕನ್ನು ಅಷ್ಟು ಸುಲಭಕ್ಕೆ ಸೇರಿಸಿಕೊಳ್ಳುವುದಿಲ್ಲ. ಶೈಲಶ್ರೀ ಅದನ್ನು ತನ್ನ ಮಾತಿನಲ್ಲಿ ಹೇಳಿದಳು.

"ನಿನ್ನ ಮೈ ನಿನ್ನಂಗ, ಆಯಿ. ಹೊಳ್ಳಿಸಿ ನೋಡಿ ಪೋಣಸತೈತಿ."

ಆಯಿ ತುಂಡು ಸರವನ್ನು ತಟ್ಟೆಯಲ್ಲಿಟ್ಟಳು.

"ನೀರು ತಾ," ಅಂದಳು. ಗುಳಿಗೆ ನುಂಗಿದ ಮೇಲೆ ಬಾಯಿ ಒರೆಸಿಕೊಂಡು, "ನಿನ್ನೇನ ಇಷ್ಟು ಹೇಳಿದ್ದರ ಆಗತಿರಲಿಲ್ಲೇನು? ಅರ್ಧಾ ಹೇಳಿ ಓಡಿದಿ," ಅಂದಳು.

ಶೈಲಶ್ರೀಗೆ ಬೈಗುಳವೂ ಆ ಹೊತ್ತಿಗೆ ಸಿಹಿಯಾಗಿತ್ತು.

ಸಂಜೆ ಆಯಿಯೇ ಸೊಸೆಗೆ ಎಲ್ಲವನ್ನೂ ಒಪ್ಪಿಸಿದಳು. ಮಮ್ಮಿ ಗಾಬರಿಯಾಗಿ ಡಾಕ್ಟರಿಗೆ ಫೋನ್ ಮಾಡಿದಳು. ಈಗಲೂ ಹೊತ್ತು ಮೀರಿಲ್ಲ, ಇನ್ನು ಮುಂದೆ ತಪ್ಪಿಸಬೇಡಿ ಎಂದರು ಅವರು. ಆಯಿ ಆಮೇಲೆ ತಪ್ಪಿಸಲಿಲ್ಲ.

ಗುಳ್ಳೆಗಳು ಒಣಗಿದವು. ಹಣೆಯ ಮೇಲೆ ಕಲೆ ಉಳಿಯಿತು, ಆಗಾಗ ಚುಳುಕ್ ಎನ್ನುವ ನೋವೂ ಉಳಿಯಿತು. ಆದರೆ ಕಣ್ಣು ತೆರೆಯಿತು. ಆಯಿ ಮತ್ತೆ ಎರಡೂ ಕಣ್ಣು ಬಿಟ್ಟು ಸೂಜಿಗೆ ದಾರ ಪೋಣಿಸಿದ ದಿನ ಶೈಲಶ್ರೀ ಮನೆಯೆಲ್ಲ ಕುಣಿದಳು.

ಒಂದು ಭಾನುವಾರ ಕಳ್ಳಕವಟಗಿಯಿಂದ ಆಯಿಯ ಗೆಳತಿ ದುಂಡವ್ವ ಬಂದಳು. ಮಗನ ಚಿಂತೆ ಅವಳಿಗೆ. ಅವನ ಲಿವರಿನಲ್ಲಿ ಕಾಮಣಿ, ಅಂದರೆ ಕಾಮಾಲೆ, ತರುವ ವೈರಸ್ ಇದೆಯಂತೆ. ದಿನಾ ಗುಳಿಗೆ ನುಂಗಬೇಕಂತೆ. ಈಗ ಮೈ ಹಗುರಾಗಿದೆ, ಇನ್ನೇಕೆ ಗುಳಿಗೆ ಎಂದು ಬಿಡಲು ಹೊರಟಿದ್ದಾನಂತೆ.

ಅದು ಶೈಲಶ್ರೀಗೆ ಗೊತ್ತಿದ್ದ ಸಂಗತಿ. ಮೊನ್ನೆ ಆಯಿಯ ಕಣ್ಣು ತೋರಿಸಲು ಹೋದಾಗ ಡಾಕ್ಟರ್ ಮೇಡಂ ಹೇಳಿದ್ದರು. ಸರ್ಪಸುತ್ತಿಗೆ ಒಂದು, ಲಿವರಿನ ಕಾಮಣಿಗೆ ಒಂದು, ಎಚ್‌ಐವಿಗೆ ಒಂದು, ಹೀಗೆ ಆಯಾ ವೈರಸ್ಸಿನ ಸರಕ್ಕೆ ತಕ್ಕ ಮಣಿ ಇದೆ. ಕೆಲವು ವೈರಸ್‌ಗಳು ಒಳಗೇ ಅಡಗಿ ಕೂತಿರುತ್ತವೆ, ಡಾಕ್ಟರನ್ನು ಕೇಳದೆ ಗುಳಿಗೆ ಬಿಟ್ಟರೆ ಮತ್ತೆ ಪೋಣಿಸಲು ಶುರುಮಾಡುತ್ತವೆ. ಅವಳ ನಾಲಿಗೆ ತುದಿಗೆ ಮಾತು ಬಂದೇಬಿಟ್ಟಿತ್ತು. ಆದರೆ ಆಯಿ ಆಗಲೇ ತಟ್ಟೆ ಎಳೆದು ಸೂಜಿಯನ್ನು ದುಂಡವ್ವನ ಕೈಗೆ ಕೊಟ್ಟಿದ್ದಳು.

"ಹೂಂ, ಈಗ ನೀ ವೈರಸ್. ಪೋಣಸು."

ಶೈಲಶ್ರೀ ಬಾಯಿ ಮುಚ್ಚಿಕೊಂಡಳು. ಎದ್ದು ಹೋಗಿ ಗಾಜಿನ ಬಾಟಲಿ ತಂದು ಆಯಿಯ ಪಕ್ಕ ಇಟ್ಟಳು.

ಹೊರಗೆ ಸಮ್ರೀನ ಆಟಕ್ಕೆ ಕರೆದಳು.

"ತಡಿಯ, ಪೂರಾ ಮುಗೀಲಿ," ಅಂದಳು ಶೈಲಶ್ರೀ, ಮತ್ತು ಕಾಲು ಮಡಚಿ ಆಯಿಯ ಹತ್ತಿರ ಕೂತಳು.