ತಿಂಗಳಿಗೆ ಎರಡು ಹೆಬ್ಬೆಟ್ಟು

2025ರ ಸೆಪ್ಟೆಂಬರ್ 8, ಬೆಳಿಗ್ಗೆ 10.20. ಕುಬಿಹಾಳದ ಗೌಸಬಿ ಗಂಡನನ್ನು ಕರೆದುಕೊಂಡು ಠಾಣೆಗೆ ಬಂದರು. ಗಂಡ ಬಾಬಾಸಾಬ, ನಿವೃತ್ತ ಹವಾಲ್ದಾರ. ಗಡಿಯಲ್ಲಿ ಸಿಡಿದ ಶೆಲ್ಲಿಗೆ ಅವರ ಎಡಗಿವಿ ಹೋಗಿತ್ತು.

“ಅಂಗವೈಕಲ್ಯ ಪಿಂಚಣಿ ಮಾಡಿಸಿಕೊಡ್ತೀನಂತ ಹದಿನೈದು ಸಾವಿರ ತಗೊಂಡಾನ್ರಿ. ಡಿಸ್ಚಾರ್ಜ್ ಬುಕ್, ಪಾಸ್‌ಬುಕ್ ಎಲ್ಲಾ ಅವನ ಕಡೆನ ಅದಾವು. ವರ್ಷಾತು, ಫೈಲ್ ದಿಲ್ಲ್ಯಾಗ ಐತಿ ಅಂತಾನ,” ಎಂದರು ಗೌಸಬಿ.

“ಯಾರು?” ಇನ್‌ಸ್ಪೆಕ್ಟರ್ ಭೀಮೇಶ ಕೇಳಿದರು.

“ಗುಡಗೇರಿ ಸಂಗನಬಸವ,” ಎಂದರು ಬಾಬಾಸಾಬ. “ಅವನೂ ಫೌಜಿನರಿ, ಮಿಲಿಟ್ರ್ಯಾಗ ಇದ್ದಾಂವ. ಸುಳ್ಳು ಹೇಳಂಗಿಲ್ಲ.”

“ರಸೀದಿ?”

“ಫೌಜಿಗೆ ಫೌಜಿ ರಸೀದಿ ಕೇಳ್ತಾನೇನ್ರಿ? ರೊಕ್ಕ ಹೋದ್ರ ಹೋಗ್ಲಿ. ಊರಾಗ ನಂದು ಕಿವುಡನ ನಾಟಕ ಅಂತಾರ. ಸರ್ಕಾರ ಒಮ್ಮೆ ಹೌದಂದ್ರ ಸಾಕ್ರಿ.”

ಇಂಥ ನಂಬಿಕೆ ಕಂಡರೇ ಭೀಮೇಶರಿಗೆ ಮೈ ಉರಿಯುತ್ತಿತ್ತು. ಅರ್ಧ ಕೇಸುಗಳು ಹುಟ್ಟುವುದೇ ಅಲ್ಲಿ.

“ಈಗಿನ ಪಿಂಚಣಿ ಎಲ್ಲಿ ತಗೋತೀರಿ?”

“ಅವನ ಅಂಗಡ್ಯಾಗನ. ಆಧಾರ್ ಮಷೀನ್ ಮ್ಯಾಲೆ ಹೆಬ್ಬೆಟ್ಟು ಒತ್ತಿದ್ರ ರೊಕ್ಕ ಕೊಡ್ತಾನ.”

“ತಿಂಗಳಿಗೆ ಎಷ್ಟು ಸಲ ಒತ್ತತೀರಿ?”

“ಎರಡು. ಒಂದು ರೊಕ್ಕಕ್ಕ, ಒಂದು ಜೀವಂತ ಪ್ರಮಾಣಪತ್ರಕ್ಕ.”

ಹೇಳಿಕೆ ಬರೆಯುತ್ತಿದ್ದ ಕಾನ್‌ಸ್ಟೇಬಲ್ ಶೈಲಾ ಪೆನ್ನು ನಿಲ್ಲಿಸಿದಳು. ಅವಳ ತಂದೆಯೂ ಮಾಜಿ ಸೈನಿಕ. “ಸರ್, ಆ ಪ್ರಮಾಣಪತ್ರ ವರ್ಷಕ್ಕೊಮ್ಮೆ ಅಷ್ಟ. ನವೆಂಬರದಾಗ.”

ಎಫ್‌ಐಆರ್ ದಾಖಲಾಯಿತು. ಮರುದಿನ ಬ್ಯಾಂಕಿನಿಂದ ಖಾತೆಯ ವಿವರ ಬಂತು. ಬಾಬಾಸಾಬರ ಪಿಂಚಣಿ ಮಾರ್ಚ್‌ನಲ್ಲೇ ಹೆಚ್ಚಾಗಿತ್ತು. ಆಮೇಲೆ ಪ್ರತಿ ತಿಂಗಳೂ ನಾಲ್ಕೈದು ನಿಮಿಷಗಳ ಅಂತರದಲ್ಲಿ ಎರಡು ಸಲ ಹಣ ತೆಗೆಯಲಾಗಿತ್ತು. ಎರಡನೆಯದು ಅವರ ಕೈ ಸೇರಿರಲಿಲ್ಲ.

ಸೆಪ್ಟೆಂಬರ್ 10, ಬೆಳಿಗ್ಗೆ 11.30, ಗುಡಗೇರಿ. ಪಂಚರೊಂದಿಗೆ ಅಂಗಡಿಯೊಳಗೆ ಬಂದ ಭೀಮೇಶರನ್ನು ಕಂಡು ಸಂಗನಬಸವ ಕುಂಟುತ್ತ ಎದ್ದು ನಿಂತ.

“ಬಾಬಾಸಾಬರ ಫೈಲ್ ಎಲ್ಲೈತಿ?”

“ದಿಲ್ಲ್ಯಾಗರಿ.”

“ಮೇಜಿನ ಡ್ರಾ ತೆಗಿ.”

ಡಿಸ್ಚಾರ್ಜ್ ಬುಕ್, ಪಾಸ್‌ಬುಕ್, ಅಂಗವೈಕಲ್ಯ ಪಿಂಚಣಿಯ ಮಂಜೂರಾತಿ ಆದೇಶ ಮೂರೂ ಅಲ್ಲೇ ಇದ್ದವು. ಅವುಗಳ ಕೆಳಗೆ ಸಂಗನಬಸವನ ಹೆಸರಿಗೇ ಬಂದ ಎರಡು ಪತ್ರಗಳಿದ್ದವು. ಮೊಣಕಾಲಿನ ಗಾಯ ಸೇವೆಯಿಂದಾದದ್ದಲ್ಲ, ಅರ್ಜಿ ತಿರಸ್ಕರಿಸಲಾಗಿದೆ ಎಂದು ಎರಡರಲ್ಲೂ ಇತ್ತು. ಪಂಚನಾಮೆಯಲ್ಲಿ ಅವನ್ನೂ ಸೇರಿಸಿದರು.

“ಯಾಕ ಮಾಡಿದಿ?”

ಸಂಗನಬಸವ ತಲೆ ಎತ್ತಲಿಲ್ಲ. “ಅವನ ಅರ್ಜಿ ಖರೇನ ಮನಸ್ಸಿಟ್ಟು ಬರದಿದ್ದೆರಿ. ಅವನ ಕಿವಿ ಒಂದ ಸಲಕ್ಕ ನಂಬಿದ್ರು. ನನ್ನ ಕಾಲು ಎರಡು ಸಲ ಸುಳ್ಳಂದ್ರು. ಆ ಕಾಗದ ಅವಗ ಕೊಡಾಕ ಕೈ ಬರಲಿಲ್ಲ. ಆಮ್ಯಾಗ ರೊಕ್ಕಾನೂ ಕೊಡಲಿಲ್ಲ.”

ಅವನನ್ನು ಬಂಧಿಸಿ ಠಾಣೆಗೆ ಕರೆತಂದಾಗ ಮಧ್ಯಾಹ್ನ 1.40. ಶೈಲಾ, ಠಾಣೆಗೆ ಕರೆಸಿದ್ದ ಬಾಬಾಸಾಬರ ಬಲಗಿವಿಯ ಹತ್ತಿರ ಬಾಗಿ ಮಂಜೂರಾತಿ ಆದೇಶ ಓದಿದಳು. ಅವರು ಇನ್ನೊಮ್ಮೆ ಓದಿಸಿಕೊಂಡು ಕಣ್ಣೊರೆಸಿಕೊಂಡರು. ಆಮೇಲೆ ಲಾಕಪ್ಪಿನ ಮುಂದೆ ಹೋಗಿ ನಿಂತರು.

“ಅರ್ಜಿ ಛಲೋ ಬರದಿದ್ದಿ ಲೇ, ಸಂಗನಬಸವ.”

ಒಳಗಿದ್ದವನು ಗೋಡೆಯ ಕಡೆ ತಿರುಗಿ ಕುಳಿತ.