ಗೃಹೋದ್ಯಮವಲ್ಲ, ಕೂಲಿ

"ಆಚೆ! ಮೊದ್ಲು ಆಚೆ ನಡೀರಿ!"

ತೇಜಸ್ವಿನಿ ಸುಪ್ರೀತನಿಗೆ ಆಡಿದ ಮೊದಲ ಮಾತು ಇದು. ಅವನ ತಪ್ಪು ಇಷ್ಟೇ: ಅಮ್ಮನ ಶುಕ್ರವಾರದ ಪೂಜೆಗೆಂದು ಕೊಂಡ ಎರಡು ಮೊಳ ಮಲ್ಲಿಗೆ ಅವನ ಹೆಗಲಚೀಲದಲ್ಲಿತ್ತು. ಆ ಚೀಲದ ಸಮೇತ ಅವನು ಹೂಟಗಳ್ಳಿಯಲ್ಲಿರುವ ಅವಳ ಊದುಬತ್ತಿ ಕಾರ್ಖಾನೆಗೆ ಬಂದು, ನೇರವಾಗಿ ಪರಿಮಳ ಪರೀಕ್ಷೆಯ ಕೋಣೆಗೆ ಕಾಲಿಟ್ಟಿದ್ದ. ಪರೀಕ್ಷೆಯ ದಿನ ಆ ಕೋಣೆಗೆ ಬರುವ ಹೆಂಗಸರು ಹೂ ಮುಡಿಯುವುದಿಲ್ಲ, ಪೌಡರ್ ಹಚ್ಚುವುದಿಲ್ಲ, ಕಾಫಿಯನ್ನೂ ಕುಡಿದಿರುವುದಿಲ್ಲ. ಎಂಟು ಬಗೆಯ ಕಡ್ಡಿಗಳಲ್ಲಿ ಐದನೆಯದು ಉರಿಯುತ್ತಿತ್ತು. ಮಲ್ಲಿಗೆ ಒಳಗೆ ಬಂದ ಮೇಲೆ ಅಲ್ಲಿದ್ದ ಯಾವ ಮೂಗೂ ಆ ದಿನಕ್ಕೆ ಕೆಲಸಕ್ಕೆ ಬರುವಂತಿರಲಿಲ್ಲ.

ಅವಳು ಅವನ ಹಿಂದೆಯೇ ಹೊರಗೆ ಬಂದಳು.

"ಯಾರಿಗೆ ಹೂ?"

"ಅಮ್ಮನಿಗೆ."

"ನಿಮ್ಮಮ್ಮನ ಪೂಜೆಗೆ ನನ್ನ ಒಂದು ದಿನದ ಕೆಲಸ ನೈವೇದ್ಯ ಆಯ್ತು. ನಾಳೆ ಬನ್ನಿ. ಖಾಲಿ ಚೀಲ ತನ್ನಿ."

ಸುಪ್ರೀತ್ ಚೀಲವನ್ನು ಬೆನ್ನ ಹಿಂದೆ ಸರಿಸಿದ, ಅದರೊಳಗೆ ಕಳ್ಳ ಬೆಕ್ಕು ಸಿಕ್ಕಿಬಿದ್ದಿದೆಯೇನೋ ಅನ್ನುವಂತೆ. ಅವಳಿಗೆ ನಗು ಬಂತು. ತೋರಿಸಲಿಲ್ಲ. ಆದರೆ ಅವನು ನೋಡಿಬಿಟ್ಟಿದ್ದ.

ಅವನು ಬಂದದ್ದು ಬರೆಯಲು. ಉದ್ಯಮಿಗಳ ಸಂಘವೊಂದು ಆ ವರ್ಷದ ಪ್ರಶಸ್ತಿಯನ್ನು ಅವಳಿಗೆ ಕೊಡುವುದೆಂದು ತೀರ್ಮಾನಿಸಿತ್ತು. ಸ್ಮರಣ ಸಂಚಿಕೆಯಲ್ಲಿ ಅವಳ ಬದುಕಿನ ಬಗ್ಗೆ ನಾಲ್ಕು ಪುಟದ ಲೇಖನ ಬೇಕಿತ್ತು. ಸುಪ್ರೀತ್ ಹದಿನಾಲ್ಕು ವರ್ಷ ದಿನಪತ್ರಿಕೆಯಲ್ಲಿ ಉಪಸಂಪಾದಕನಾಗಿದ್ದು ಈಗ ಸ್ವಂತವಾಗಿ ಬರವಣಿಗೆಯ ಕೆಲಸ ಹಿಡಿದಿದ್ದ. ನಲವತ್ತು ವರ್ಷ. ಮದುವೆಯಾಗಿ, ಅದು ಮುರಿದು ಆರು ವರ್ಷವಾಗಿತ್ತು. ಲಕ್ಷ್ಮೀಪುರದ ಹಳೆಯ ಮನೆಯಲ್ಲಿ, ನಿವೃತ್ತ ಉಪನ್ಯಾಸಕಿ ತಾಯಿ ಚಂದ್ರಮತಿಯ ಜೊತೆ ವಾಸ. ಅವರ ತಾತ ಅರಮನೆಯ ಕಚೇರಿಯಲ್ಲಿ ಗುಮಾಸ್ತರಾಗಿದ್ದವರು.

ಮೂರು ದಿನ ಮಾತಾಡಿಸಿಕೊಂಡು ಹೋದವನು ನಾಲ್ಕನೆಯ ದಿನ ಕರಡು ತಂದ. ತೇಜಸ್ವಿನಿ ಮೊದಲ ಸಾಲಿಗೇ ನಿಂತಳು. 'ಹಸಿದ ಹೊಟ್ಟೆಯಲ್ಲಿ ಮಲಗುತ್ತಿದ್ದ ಆ ಪುಟ್ಟ ಹುಡುಗಿ…'

"ಇದನ್ನ ಯಾರು ಹೇಳಿದ್ರು?"

"ಸಂಘದವರು ಒಂದು ಟಿಪ್ಪಣಿ ಕೊಟ್ಟಿದ್ದರು."

"ನಮ್ಮವ್ವ ಒಂದಿನಾನೂ ನನ್ನ ಹಸ್ಕೊಂಡು ಮಲಗಿಸಿಲ್ಲ ಕಣ್ರೀ. ತಾನು ಮಲಗಿರಬೋದು. ಬರೆಯೋದಾದ್ರೆ ಅದನ್ನ ಬರೀರಿ."

ಅವನು ವಾದಿಸಲಿಲ್ಲ. ಪೆನ್ನು ತೆಗೆದು ಸಾಲನ್ನು ಹೊಡೆದುಹಾಕಿದ. "ಬರಿಗಾಲಲ್ಲಿ ಶಾಲೆಗೆ ಹೋಗ್ತಿದ್ದಿರಂತೆ?"

"ಚಪ್ಪಲಿ ಇತ್ತು. ಹವಾಯಿ. ಒಂದು ನೀಲಿ, ಒಂದು ಹಸಿರು."

"ಒಂದೊಂದು ಬಣ್ಣ?"

"ಏನ್ರೀ, ಎರಡು ಕಾಲಿಗೂ ಇತ್ತಲ್ಲ!"

ಅವನು ಅದನ್ನು ಬರೆದುಕೊಂಡ. ಬರೆದುಕೊಳ್ಳುವಾಗ ಅವನ ಹುಬ್ಬು ಸ್ವಲ್ಪ ಗಂಟಾಗುತ್ತದೆ ಎಂಬುದನ್ನು ಅವಳು ಅಂದೇ ಗಮನಿಸಿದಳು. ಗಮನಿಸಿದ್ದಕ್ಕೆ ತನ್ನ ಮೇಲೆ ತನಗೇ ಸಿಟ್ಟು ಬಂತು. ಮೂವತ್ತೇಳು ವರ್ಷದಲ್ಲಿ ಮದುವೆಗೆ ಪುರುಸೊತ್ತು ಸಿಗದವಳಿಗೆ ಹುಬ್ಬು ನೋಡಲು ಎಲ್ಲಿಂದ ಬಂತು ಪುರುಸೊತ್ತು?

ನಿಜದ ಕತೆ ಹೀಗಿತ್ತು. ಅವಳಿಗೆ ಏಳು ವರ್ಷವಿದ್ದಾಗ ತಂದೆ ಚಿಕ್ಕಯ್ಯ ಮನೆ ಬಿಟ್ಟು ಹೋದ. ಕುಂಬಾರಕೊಪ್ಪಲಿನ ಒಂದೇ ಕೋಣೆಯ ಮನೆಯಲ್ಲಿ ತಾಯಿ ತಿಮ್ಮಮ್ಮ ಗುತ್ತಿಗೆದಾರರಿಗೆ ಊದುಬತ್ತಿ ಹೊಸೆದು ಕೊಟ್ಟಳು. ಮಣೆಯ ಮೇಲೆ ಇದ್ದಿಲ ಪುಡಿಯ ಹಿಟ್ಟು, ಪಕ್ಕದಲ್ಲಿ ಬಿದಿರ ಕಡ್ಡಿ. ಶಾಲೆಗೆ ಹೊರಡುವ ಮೊದಲು ಮಗಳು ಐನೂರು ಕಡ್ಡಿ ಹೊಸೆಯಬೇಕು. ತರಗತಿಯಲ್ಲಿ ಟೀಚರು ಕೈ ತೊಳೆದು ಬಾ ಎಂದು ಕಳಿಸುತ್ತಿದ್ದರು. ತೊಳೆದೇ ಬಂದಿದ್ದೇನೆ ಎಂದು ಅವಳು ಜಾಗ ಬಿಟ್ಟು ಏಳುತ್ತಿರಲಿಲ್ಲ. ಹತ್ತನೆಯ ತರಗತಿಯ ಗಣಿತದಲ್ಲಿ ಫೇಲು, ಮರುಪರೀಕ್ಷೆಯಲ್ಲಿ ಪಾಸು. ಹತ್ತೊಂಬತ್ತಕ್ಕೆ ಸ್ವಂತ ಹದದ ಕಡ್ಡಿ ಮಾಡಿ, ಚಾಮುಂಡಿ ಬೆಟ್ಟದ ಪೂಜಾ ಸಾಮಗ್ರಿಯ ಅಂಗಡಿಗಳಿಗೆ ಹೊತ್ತುಕೊಂಡು ಹೋದಳು. ಹನ್ನೊಂದು ಅಂಗಡಿಯವರು ಬೇಡ ಎಂದರು. ಹನ್ನೆರಡನೆಯ ಮುದುಕಿ ಒಂದು ಕಡ್ಡಿ ಹಚ್ಚಿ, ಪೂರ್ತಿ ಬೂದಿಯಾಗುವವರೆಗೂ ಕಣ್ಣು ಮುಚ್ಚಿ ಕೂತಿದ್ದು, "ನಾಳೀಕೂ ತತ್ತಾ" ಎಂದಳು. ಈಗ ಅವಳ ಕಾರ್ಖಾನೆಯಲ್ಲಿ ನೂರ ಮೂವತ್ತು ಹೆಂಗಸರು. ಎಲ್ಲರಿಗೂ ತಿಂಗಳ ಸಂಬಳ. ಕಡ್ಡಿ ಎಣಿಸಿ ಕೂಲಿ ಕೊಡುವ ಪದ್ಧತಿ ಅಲ್ಲಿಲ್ಲ.

"ಇದಕ್ಕಿಂತ ಒಂದಕ್ಷರ ಜಾಸ್ತಿ ಬೇಡ," ಎಂದಳು.

"ಒಂದಕ್ಷರ ಕಡಿಮೇನೂ ಇರೋದಿಲ್ಲ," ಎಂದ.

ಲೇಖನ ಎರಡೇ ವಾರದಲ್ಲಿ ಮುಗಿಯಬೇಕಿತ್ತು. ಮೂರು ತಿಂಗಳಾದರೂ ಅವನಿಗೆ ಕೇಳಲು ಏನಾದರೊಂದು ಉಳಿದೇ ಇರುತ್ತಿತ್ತು. ಮುದುಕಿಯ ಅಂಗಡಿ ಮೆಟ್ಟಿಲಿನ ಎಡಕ್ಕೋ ಬಲಕ್ಕೋ? ಹಸಿರು ಚಪ್ಪಲಿ ಯಾವ ಕಾಲಿಗೆ?

"ಇದು ಓದೋರಿಗೆ ಬೇಕಾ?" ಎಂದು ಅವಳು ಕೇಳಿದಳು.

"ಓದೋರಿಗೆ ಬೇಡ."

ಅಷ್ಟೇ ಹೇಳಿ ಅವನು ಪುಸ್ತಕದ ಕಡೆ ತಲೆ ಬಗ್ಗಿಸಿದ. ಅವಳು ಕಿಟಕಿಯ ಕಡೆ ತಿರುಗಿದಳು. ಕಿಟಕಿಯಾಚೆ ನೋಡುವಂಥದ್ದು ಏನೂ ಇರಲಿಲ್ಲ. ಒಂದು ನೀರಿನ ಟ್ಯಾಂಕರ್ ಹಿಂದಕ್ಕೆ ಬರುತ್ತಿತ್ತು. ಅದನ್ನೇ ಬಹಳ ಹೊತ್ತು ನೋಡಿದಳು.

ಶನಿವಾರ ಮಧ್ಯಾಹ್ನ ಅವಳ ಪಾಠ. ಸ್ವಂತ ಕಸುಬು ಶುರುಮಾಡುವ ಹೆಂಗಸರಿಗೆ, ಕಾರ್ಖಾನೆಯ ಊಟದ ಕೋಣೆಯಲ್ಲಿ, ಬಿಟ್ಟಿಯಾಗಿ. ಸುಪ್ರೀತ್ ಹಿಂದಿನ ಬೆಂಚಿನಲ್ಲಿ ಬಂದು ಕೂರತೊಡಗಿದ. ಒಂದು ಶನಿವಾರ ರಾಗಿ ಹುರಿಹಿಟ್ಟು ಮಾಡುವ ಸಿಂಚನಳನ್ನು ನಿಲ್ಲಿಸಿ, "ಅವರು ಗಿರಾಕಿ ಅಂದ್ಕೋ. ಬೆಲೆ ಹೇಳು," ಎಂದಳು ತೇಜಸ್ವಿನಿ.

"ಇನ್ನೂರ ನಲವತ್ತು ಸಾರ್… ಜಾಸ್ತಿ ಆಯ್ತು ಅಂದ್ರೆ ನೋಡ್ಕೊಂಡು ಕೊಡಿ."

ಕೋಣೆಗೆ ಕೋಣೆಯೇ ನಕ್ಕಿತು.

"ನೋಡ್ಕೊಂಡು ಕೊಡೋಕೆ ಅದೇನು ದಕ್ಷಿಣೆಯೇನೇ? ಬೆಲೆ ಹೇಳು, ಬಾಯಿ ಮುಚ್ಚು. ಅವರ ಮುಖ ನೋಡ್ತಾ ನಿಂತ್ಕೋ. ಮೊದಲು ಮಾತಾಡಿದೋರು ಸೋತ್ರು."

"ನೀವೇ ಒಂದ್ಸಲ ಮಾಡಿ ತೋರ್ಸಿ ಅಕ್ಕಾ."

ತೇಜಸ್ವಿನಿ ಸುಪ್ರೀತನ ಮುಂದೆ ಹೋಗಿ ನಿಂತು ಬೆಲೆ ಹೇಳಿದಳು. ಬಾಯಿ ಮುಚ್ಚಿದಳು. ಅವನ ಮುಖ ನೋಡಿದಳು. ಅವನೂ ನೋಡಿದ. ಅವನ ಕನ್ನಡಕದ ಗಾಜಿನಲ್ಲಿ ಅವಳದೇ ಪುಟ್ಟ ಬಿಂಬವಿತ್ತು.  ಯಾರೋ ಕಿಸಕ್ಕೆಂದರು.

"ಅಕ್ಕಾ, ಹುರಿಹಿಟ್ಟು ಸೀದೋಯ್ತು," ಎಂದಳು ಸಿಂಚನ.

ಕೊನೆಯ ಕರಡನ್ನು ತೇಜಸ್ವಿನಿ ಮೂರು ಸಲ ಓದಿದಳು. ಚಪ್ಪಲಿಯಿತ್ತು, ಇದ್ದಿಲಿತ್ತು, ಫೇಲಾದದ್ದೂ ಇತ್ತು. ಸಹಿ ಮಾಡಿ ಕೊಟ್ಟಳು. "ನನ್ನ ಬಗ್ಗೆ ಇಷ್ಟು ನೆಟ್ಟಗೆ ಯಾರೂ ಬರೆದಿರ್ಲಿಲ್ಲ," ಎಂದಳು. ಮತ್ತೂ ಒಂದು ಮಾತು ನಾಲಗೆಯ ತುದಿಯಲ್ಲಿತ್ತು. ಪ್ರಶಸ್ತಿಯ ದಿನ ಹೇಳೋಣವೆಂದು ಇಟ್ಟುಕೊಂಡಳು.

ಪ್ರಶಸ್ತಿಯ ದಿನ ವೇದಿಕೆಯ ಮೇಲೆ ಸಂಚಿಕೆಯನ್ನು ಅವಳ ಕೈಗೆ ಕೊಟ್ಟರು. ಹನ್ನೊಂದನೆಯ ಪುಟ ತೆರೆದಳು. ಅವಳು ಒಪ್ಪಿದ ಲೇಖನವೇ. ಆದರೆ ಎರಡು ಸಾಲು ಬದಲಾಗಿದ್ದವು. 'ತಾಯಿ ತಿಮ್ಮಮ್ಮ ಮನೆಯಲ್ಲೇ ಪುಟ್ಟ ಗೃಹೋದ್ಯಮ ನಡೆಸುತ್ತಿದ್ದರು. ತೇಜಸ್ವಿನಿ ಓದಿನಲ್ಲಿ ಸದಾ ಮುಂದು.'

ಮೂರನೆಯ ಸಾಲಿನಲ್ಲಿ ಸುಪ್ರೀತ್ ಕೂತಿದ್ದ. ಪಕ್ಕದಲ್ಲಿ ರೇಷ್ಮೆ ಸೀರೆಯುಟ್ಟ, ಬೆನ್ನು ನೆಟ್ಟಗಿಟ್ಟ ಹಿರಿಯ ಹೆಂಗಸು. ಅವನ ತಾಯಿ. ಅವರ ತೊಡೆಯ ಮೇಲೂ ಅದೇ ಸಂಚಿಕೆ, ಅದೇ ಪುಟ. ಆ ಸಾಲುಗಳು ಯಾರ ಕಣ್ಣಿಗಾಗಿ ಬದಲಾಗಿವೆ ಎಂಬುದು ತೇಜಸ್ವಿನಿಗೆ ಅರ್ಥವಾಯಿತು.

ಸಂಘದ ಅಧ್ಯಕ್ಷ ನಾಗೇಂದ್ರ ಶಾಲು ಹಿಡಿದು ಬಂದರು. ಅವಳು ಮೈಕಿನ ಕಡೆ ನಡೆದಳು.

"ಶಾಲಿಗಿಂತ ಮುಂಚೆ ಎರಡು ಮಾತು. ಈ ಪುಸ್ತಕದಲ್ಲಿ ಎರಡು ಸಾಲು ಸುಳ್ಳು. ನಮ್ಮವ್ವ ಗೃಹೋದ್ಯಮ ನಡೆಸ್ಲಿಲ್ಲ. ಕೂಲಿಗೆ ಕಡ್ಡಿ ಹೊಸೆದ್ಲು, ಹನ್ನೆರಡು ವರ್ಷ. ನಾನು ಹತ್ತನೇ ಕ್ಲಾಸಿನ ಲೆಕ್ಕದಲ್ಲಿ ಫೇಲು. ಈ ಪ್ರಶಸ್ತಿ ಆ ಕೂಲಿಯವಳ ಮನೆಗೆ ಬರೋದಾದ್ರೆ ಬರ್ಲಿ. ಬೇರೆ ಯಾರದೋ ಮನೆಗೆ ಅಂತ ತಂದಿದ್ರೆ, ವಾಪಸ್ ತಗೊಂಡು ಹೋಗಿ."

 ಹಿಂದಿನ ಸಾಲುಗಳಲ್ಲಿದ್ದ ಕಾರ್ಖಾನೆಯ ಹೆಂಗಸರು ಚಪ್ಪಾಳೆ ತಟ್ಟತೊಡಗಿದರು. ಎಷ್ಟು ಹೊತ್ತು ತಟ್ಟಿದರೆಂದರೆ ನಾಗೇಂದ್ರರು ಶಾಲು ಹೊದಿಸಲೇಬೇಕಾಯಿತು.

ವೇದಿಕೆಯ ಹಿಂದೆ ಸುಪ್ರೀತ್ ಕಾಯುತ್ತಿದ್ದ. 

"ಯಾಕೆ?" ಎಂದಳು.

"ಅಮ್ಮನ ಕೈಗೆ ಹೋಗೋ ಪುಸ್ತಕ. ನಾಳೆ ನಿಮ್ಮನ್ನ ಮನೆಗೆ ಕರ್ಕೊಂಡು ಹೋಗಿ, ಇವರನ್ನ ಮದುವೆಯಾಗ್ತೀನಿ ಅನ್ನಬೇಕು ಅಂತಿದ್ದೆ. ಹೆದರಿಕೆ ಆಯ್ತು. ಸ್ವಲ್ಪ ನಯ ಮಾಡಿದೆ."

ಮದುವೆ ಎಂಬ ಮಾತನ್ನು ಅವನು ಮೊದಲ ಸಲ ಆಡಿದ್ದು ಹೀಗೆ, ತಪ್ಪೊಪ್ಪಿಗೆಯ ನಡುವೆ.  ಆದರೂ ಅವಳು ದನಿ ಇಳಿಸಲಿಲ್ಲ.

"ಸಂಘದೋರು ನನ್ನ ಕಣ್ಣೀರು ಮಾರೋಕೆ ಹೊರಟ್ರು. ನೀವು ನನ್ನ ತೊಳೆದು ಒಪ್ಪಿಸೋಕೆ ಹೊರಟ್ರಿ. ಅವರು ಹೊರಗಿನೋರು, ಬುಡಿ. ನೀವು? ನಾನು ಇಷ್ಟಪಟ್ಟಿದ್ದು ನನ್ನ ಚಪ್ಪಲಿ ಬಣ್ಣಾನೂ ತಪ್ಪು ಬರೀದ ಮನುಷ್ಯನ್ನ. ಆ ಮನುಷ್ಯನ್ನ ನಿಮ್ಮಮ್ಮನ ಮುಂದೆ ಬಲಿ ಕೊಟ್ಬುಟ್ರಲ್ರೀ."

ಅವನು ಏನೋ ಹೇಳಬಂದ. ಅವಳು ನಿಲ್ಲಲಿಲ್ಲ.

ಎಂಟು ದಿನ ಅವನಿಂದ ಫೋನಿಲ್ಲ. ಅವಳೂ ಮಾಡಲಿಲ್ಲ. ಕೆಲಸ ಎಂದಿನಂತೆ ನಡೆಯಿತು. ಅವಳ ಮೂಗು ಮಾತ್ರ ಯಾವ ಪರೀಕ್ಷೆಗೂ ಒದಗಲಿಲ್ಲ. ಕದ್ದು ಎರಡು ಸಲ ಗೇಟಿನ ಕಡೆ ನೋಡಿದ್ದಳು.

ಒಂಬತ್ತನೆಯ ದಿನ ಶನಿವಾರ. ಪಾಠದ ನಡುವೆ ಹಿಂದಿನ ಬೆಂಚಿಗೆ ಚಂದ್ರಮತಿ ಬಂದು ಕೂತರು. ಪಾಠ ಮುಗಿಯುವವರೆಗೂ ಕೇಳಿ, ಎದ್ದು ಬಂದರು.

"ಚೆನ್ನಾಗಿ ಪಾಠ ಮಾಡ್ತೀರಿ. ನಾನು ಮೂವತ್ತೊಂದು ವರ್ಷ ಮಾಡಿದೀನಿ, ನನಗೆ ಗೊತ್ತಾಗುತ್ತೆ."

"ಕೂತ್ಕೊಳ್ಳಿ ಅಮ್ಮ."

"ಬೇಡ. ಎರಡೇ ಮಾತು. ಈ ಮದುವೆ ನನಗೆ ಪೂರ್ತಿ ಒಪ್ಪಿಗೆ ಅಂತ ಸುಳ್ಳು ಹೇಳೋಲ್ಲ. ನಮ್ಮ ಮನೆ ರೀತಿ ಬೇರೆ, ನಿಮ್ಮದು ಬೇರೆ. ನನಗೆ ಸಮಯ ಬೇಕು. ಆದರೆ ನನ್ನ ಹೆಸರು ಹೇಳ್ಕೊಂಡು ನಿಮ್ಮ ತಾಯಿಯ ದುಡಿಮೆ ಮುಚ್ಚಿಟ್ಟನಲ್ಲ, ಅದು ನಿಮಗಿಂತ ನನಗೆ ಅವಮಾನ. ಮೈದಾ ಅಂಟು ಕಾಯಿಸಿ ಕೊಟ್ಟೆ. ಅಂಟಿಸು ಹೋಗು ಅಂದೆ."

"ಏನನ್ನ?"

"ಅದನ್ನ ಅವನೇ ಹೇಳಲಿ. ನಿಮ್ಮ ತಾಯಿ ಮನೇಲಿದಾನೆ."

ಕುಂಬಾರಕೊಪ್ಪಲಿನ ಆ ಓಣಿಗೆ ಕಾರು ಹೋಗುವುದಿಲ್ಲ. ಮಗಳು ಎಷ್ಟು ಕರೆದರೂ ತಿಮ್ಮಮ್ಮ ಆ ಮನೆ ಬಿಟ್ಟು ಬಂದಿರಲಿಲ್ಲ. ತೇಜಸ್ವಿನಿ ಬಾಗಿಲಿಗೆ ಬಂದಾಗ ಸುಪ್ರೀತ್ ಚಾಪೆಯ ಮೇಲೆ ಕೂತಿದ್ದ. ಬೆರಳುಗಳೆಲ್ಲ ಒಣಗಿದ ಅಂಟು. ಎದುರಿಗೆ ತಿಮ್ಮಮ್ಮ, ನ್ಯಾಯಕ್ಕೆ ಕೂತವಳಂತೆ.

"ಇನ್ನೊಂದ್ ಕಿತ ಓದಪ್ಪ."

ಅವನು ಓದಿದ. "ತಿದ್ದುಪಡಿ. ಹನ್ನೊಂದನೆಯ ಪುಟದಲ್ಲಿ ಶ್ರೀಮತಿ ತಿಮ್ಮಮ್ಮನವರು ಗೃಹೋದ್ಯಮ ನಡೆಸುತ್ತಿದ್ದರು ಎಂದಿರುವುದು ತಪ್ಪು. ಅವರು ಹನ್ನೆರಡು ವರ್ಷ ಕೂಲಿಗೆ ಊದುಬತ್ತಿ ಹೊಸೆದು ಮಗಳನ್ನು ಬೆಳೆಸಿದರು. ತೇಜಸ್ವಿನಿಯವರು ಹತ್ತನೆಯ ತರಗತಿಯ ಗಣಿತದಲ್ಲಿ ಅನುತ್ತೀರ್ಣರಾಗಿ, ಮರುಪರೀಕ್ಷೆಯಲ್ಲಿ ಉತ್ತೀರ್ಣರಾದರು. ಈ ತಪ್ಪುಗಳನ್ನು ಲೇಖಕ ತಿಳಿದೇ ಮಾಡಿದ. ಕಾರಣ, ಅವನ ಅಂಜಿಕೆ."

"ಅಲ್ಲ ಕಣಪ್ಪ, ನಂದೇನೋ ಸರಿ ಆಯ್ತು. ಮಗಳು ಫೇಲಾಗಿದ್ದನ್ನ ಯಾಕಪ್ಪ ಅಚ್ಚಾಕಿಸ್ದೆ? ನಾಳೀಕೆ ಗಂಡು ಎಂಗೆ ಸಿಕ್ತದೆ?"

ತೇಜಸ್ವಿನಿಗೆ ನಗು ತಡೆಯಲಾಗಲಿಲ್ಲ. ಸುಪ್ರೀತ್ ತಿರುಗಿ ನೋಡಿ ಎದ್ದು ನಿಂತ.

"ನಾಲ್ಕುನೂರ ಐವತ್ತು ಪ್ರತಿ ಹಂಚಿದ್ರು. ನಾಲ್ಕುನೂರ ಹನ್ನೆರಡಕ್ಕೆ ಅಂಟಿಸಿದೀನಿ, ಮನೆಮನೆಗೆ ಹೋಗಿ. ಮೂವತ್ತೆಂಟು ಸಿಕ್ಕಿಲ್ಲ, ಹುಡುಕ್ತಿದೀನಿ. ನಿಮ್ಮನ್ನ ನೋಡೋಕೆ ಮುಂಚೆ ಇವರ ಹತ್ರ ಬರಬೇಕಿತ್ತು. ತಪ್ಪು ಆಗಿದ್ದು ಇವರಿಗೆ."

ಅವಳು ಆ ಚೀಟಿಯನ್ನು ಕೈಗೆ ತೆಗೆದುಕೊಂಡು ನಿಧಾನವಾಗಿ ಓದಿದಳು.

"ಇನ್ನೂ ಒಂದು ಬಿಟ್ಟಿದೀರಿ."

"ಯಾವುದು?"

"ಬರೆದೋನಿಗೆ ಬರೆಸ್ಕೊಂಡೋಳು ಏನಾಗಬೇಕು ಅಂತ ಎಲ್ಲೂ ಹೇಳಿಲ್ಲ. ಪೇಪರಲ್ಲಿದ್ದೋರು, ಮೊದಲೇ ತಿಳಿಸ್ಬೇಕಿತ್ತಲ್ವಾ?"

ಅವನ ಹುಬ್ಬು ಗಂಟಾಯಿತು. "ನನ್ನ ಕಡೆ ವಿಷಯ ನನಗೆ ಗೊತ್ತು. ಆದರೆ ಇನ್ನೊಂದು ಕಡೆಯವರನ್ನ ಕೇಳದೆ ಬರೆಯೋ ಹಾಗಿಲ್ಲ."

"ಕೇಳಿ ಮತ್ತೆ."

"ತೇಜಸ್ವಿನಿ, ನನ್ನನ್ನ ಮದುವೆ ಆಗ್ತೀರಾ?"

ಹೊರಗೆ ನಲ್ಲಿಯ ಹತ್ತಿರ ಬಿಂದಿಗೆಗಳ ಸದ್ದು ನಿಂತಿತು. ಓಣಿಯ ಕಿವಿಗಳೆಲ್ಲ ಇತ್ತಲೇ ಇದ್ದವು. ತೇಜಸ್ವಿನಿ ಅರ್ಧ ಮುಚ್ಚಿದ್ದ ಬಾಗಿಲನ್ನು ಪೂರ್ತಿ ತೆರೆದು, ಎಲ್ಲರಿಗೂ ಕೇಳುವಂತೆ ಹೇಳಿದಳು:

"ಆಗ್ತೀನಿ. ಆದ್ರೆ ಛತ್ರ ಗಿತ್ರ ಬೇಡ. ಚಪ್ಪರ ಇದೇ ಓಣೀಲಿ. ಲಗ್ನಪತ್ರಿಕೇಲಿ ನಮ್ಮವ್ವನ ಹೆಸರು, ಅದರ ಮುಂದೆ ಅವಳು ಮಾಡಿದ ಕೆಲಸ. ಲಕ್ಷ್ಮೀಪುರದೋರು ಇಲ್ಲೀಗೇ ಬರಬೇಕು."

"ಅಯ್ಯೋ, ದೊಡ್ಡೋರ ಕಾರು ಒಳೀಕೆ ಬರಾಕಿಲ್ಲ ಕಣಮ್ಮ," ಎಂದಳು ತಿಮ್ಮಮ್ಮ ಗಾಬರಿಯಿಂದ.

ಸುಪ್ರೀತ್ ಅಂಟಿನ ಕೈಯಲ್ಲೇ ತೇಜಸ್ವಿನಿಯ ಕೈ ಹಿಡಿದ.

"ನಡ್ಕೊಂಡು ಬರ್ತೀವಿ," ಎಂದ.